ಶೆವಾಲಕ್ಕನ ಕೋಳಿಗಳ ರಂಜಾನ್

ನಮ್ಮ ಮೊಹಲ್ಲಾದಲ್ಲಿ ಬ್ರೆಡ್ಡನ್ನ ಯಾರೂ ಕಸಕ್ಕೆ ಹಾಕೋದಿಲ್ಲ. ಕಸದ ತೊಟ್ಟಿ ಪಕ್ಕದಲ್ಲಿ ನೇತುಹಾಕ್ತೀವಿ. ಎರಡಕ್ಕೂ ಭೂಮಿ ಆಕಾಶದಷ್ಟು ವ್ಯತ್ಯಾಸ ಇದೆ, ಗೊತ್ತಿಲ್ಲದವರು ಸುಮ್ನಿರಿ. ಬ್ರೆಡ್ಡು ಅಂದ್ರೆ ನಮಗೆ ಅನ್ನ. ಒಂದು ತುಂಡು ನೆಲಕ್ಕೆ ಬಿದ್ರೂ ಎತ್ತಿ, ಮುತ್ತಿಟ್ಟು, ಹಣೆಗೆ ಒತ್ತಿಕೊಂಡು, ಯಾರೂ ತುಳೀದಿರೋ ಎತ್ತರದ ಜಾಗದಲ್ಲಿ ಇಡ್ತೀವಿ. ಅಂಥ ಬ್ರೆಡ್ಡು ಒಣಗಿ ಕಲ್ಲಾಯ್ತು ಅಂತ ಆಲೂಗಡ್ಡೆ ಸಿಪ್ಪೆ, ಸಿಗರೇಟ್ ಬೂದಿ ಜೊತೆ ತೊಟ್ಟಿಗೆ ಸುರಿಯೋಕೆ ನಾವೇನು ಧರ್ಮ ಬಿಟ್ಟವರಾ? ಚೀಲಕ್ಕೆ ತುಂಬಿ, ಬಾಯಿಗೆ ಗಂಟು ಹಾಕಿ, ತೊಟ್ಟಿ ಪಕ್ಕದ ಕಬ್ಬಿಣದ ಕಂಬಿಗೆ ಸಿಕ್ಕಿಸಿ, ಕೈ ಕೊಡವಿಕೊಂಡು ಬರ್ತೀವಿ. ಪಾಪ ಅಂಟೋದಿಲ್ಲ. ನನ್ನ ಗಂಡ ಅವ್ದೊ ಆ ಕಂಬಿಗೆ ಕೊಕ್ಕೆಗಳನ್ನೂ ಬೆಸುಗೆ ಹಾಕಿ ಕೊಟ್ಟಿದಾರೆ. ರಿಟೈರ್ ಆದ ಮೇಲೆ ಅವರು ಮಾಡಿದ ಒಂದೇ ಕೆಲಸ ಅದು, ಅದರ ಬಗ್ಗೆ ಇವತ್ತಿಗೂ ಮಾತಾಡ್ತಾರೆ.

ಆ ಚೀಲಗಳನ್ನ ಬೆಳಿಗ್ಗೆ ತಗೊಂಡು ಹೋಗೋಳು ಶೆವಾಲಕ್ಕ. ನಮ್ಮ ಕಟ್ಟಡದ ಕೆಳಗಿನ ಮನೆ ಅವಳದು. ಗಂಡ ಕಲ್ಲಿದ್ದಲ ಗಣಿಯಲ್ಲಿದ್ದ, ತೀರಿಹೋಗಿ ತುಂಬಾ ವರ್ಷ ಆಯ್ತು. ಕಟ್ಟಡದ ಹಿಂದೆ, ರೈಲು ಹಳಿ ಕಡೆ ಇಳಿಯೋ ದಿಬ್ಬದಲ್ಲಿ ಹಳೆ ಸೌದೆ ಕೊಟ್ಟಿಗೆ ಒಂದಿದೆ. ಅದರಲ್ಲಿ ಅವಳ ಕೋಳಿಗಳು, ಜೊತೆಗೆ ಗಂಟಲು ಸರಿಯಿಲ್ಲದ ಒಂದು ಹುಂಜ. ನಮ್ಮ ಒಣ ಬ್ರೆಡ್ಡನ್ನ ಬಿಸಿನೀರಲ್ಲಿ ನೆನೆಸಿ, ಸ್ವಲ್ಪ ತೌಡು ಕಲಸಿ ಹಾಕ್ತಾಳೆ. ಇದನ್ನ ಕೇಳಿ ಯಾರಾದ್ರೂ ಅವಳನ್ನ ಪಾಪದೋಳು ಅಂದ್ಕೊಂಡ್ರೆ ಅವಳ ಎದುರಿಗೆ ಮಾತ್ರ ಹೇಳಬೇಡಿ. ಊರಿಗೆ ಊರೇ ಹಸಿದ ಯುದ್ಧದ ಚಳಿಗಾಲದಲ್ಲೂ ಅವಳು ಯಾರ ಬಾಗಿಲನ್ನೂ ತಟ್ಟಲಿಲ್ಲ. ಅವಳು ಬಾಗಿಲು ತಟ್ಟೋದು ವರ್ಷಕ್ಕೆ ಒಂದೇ ಸಲ, ರಂಜಾನ್ ಮುಗಿದು ಬರೋ ಬೈರಾಮ್ ಹಬ್ಬದ ಬೆಳಿಗ್ಗೆ. ಕೈಯಲ್ಲಿ ಬುಟ್ಟಿ, ಬುಟ್ಟಿ ತುಂಬ ಮೊಟ್ಟೆ. ಪ್ರತಿ ಮನೆಗೂ ಕೊಟ್ಟು, ಒಳಗೆ ಬಂದು, ದೊಡ್ಡ ಕುರ್ಚಿಯಲ್ಲಿ ಕೂತು ಕಾಫಿ ಕುಡಿದು ಹೋಗ್ತಾಳೆ. ಆ ದಿನ ಅವಳು ಕೂರೋ ಗತ್ತು ನೋಡಬೇಕು ನೀವು. ಪಾಷಾ ಹೆಂಡತಿ ಕೂಡ ಹಾಗೆ ಕೂರಲಿಕ್ಕಿಲ್ಲ.

ಈ ಸಲದ ರಂಜಾನಿಗೆ ಮುಂಚೆ ನಮ್ಮ ಮಸೀದಿಗೆ ಹೊಸ ಇಮಾಮರು ಬಂದ್ರು. ಸೆನಾಯಿದ್ ಎಫೆಂದಿ, ಇಮಾಮರನ್ನ ನಾವು ಎಫೆಂದಿ ಅಂತೀವಿ. ಸರಾಯೆವೊದಲ್ಲಿ ಓದಿದ ಹುಡುಗ, ಸಣಕಲು, ಸೈಕಲ್ ಮೇಲೆ ಓಡಾಟ. ಹಳೆ ಎಫೆಂದಿಯವರ ಪ್ರವಚನದಲ್ಲಿ ನಾವು ಸುಖವಾಗಿ ನಿದ್ದೆ ಮಾಡ್ತಿದ್ವಿ. ಇವರು ರಂಜಾನಿನ ಮೊದಲ ದಿನವೇ ಎಬ್ಬಿಸಿಬಿಟ್ರು.

"ಈ ಭೂಮಿ ನಮ್ಮ ಸ್ವತ್ತಲ್ಲ, ಅಲ್ಲಾಹು ನಮ್ಮ ಕೈಗೆ ನಂಬಿ ಕೊಟ್ಟಿರೋದು," ಅಂತ ಶುರು ಮಾಡಿದ್ರು. "ಹರಿಯೋ ಹೊಳೆ ದಂಡೇಲಿ ಕೂತು ನಮಾಜಿಗೆ ಕೈಕಾಲು ತೊಳೆದ್ರೂ ನೀರು ಪೋಲು ಮಾಡಬೇಡಿ ಅಂದ ಧರ್ಮ ನಮ್ಮದು. ನಾವೇನ್ ಮಾಡ್ತಿದೀವಿ? ತಿನ್ನೋದಕ್ಕಿಂತ ಜಾಸ್ತಿ ಕೊಳ್ತೀವಿ. ಉಳಿದಿದ್ದನ್ನ ತೊಟ್ಟಿ ಪಕ್ಕ ನೇತುಹಾಕ್ತೀವಿ. ತೊಟ್ಟಿ ಒಳಗೆ ಹಾಕಿದ್ರೆ ಮಾತ್ರ ದುಂದು, ಪಕ್ಕದಲ್ಲಿ ಹಾಕಿದ್ರೆ ಅಲ್ಲ ಅಂತ ಯಾರು ಹೇಳಿದ್ದು? ಅಲ್ಲಾಹುಗೆ ಕೊಕ್ಕೆ ಕಾಣಿಸೋದಿಲ್ವಾ?"

ಕೊಕ್ಕೆ ಅಂದ ಕೂಡಲೇ ಕೆಳಗೆ ಗಂಡಸರ ಸಾಲಲ್ಲಿ ಅವ್ದೊ ತಲೆ ತಗ್ಗಿಸಿದ್ದು ಮೇಲೆ ಹೆಂಗಸರ ಅಟ್ಟಣಿಗೆಯಿಂದ ನನಗೆ ಕಾಣಿಸ್ತು. ನನ್ನ ಪಕ್ಕ ಕೂತಿದ್ದ ರಸೇಮಾ ಮೂಗು ಮುರಿದಳು. ಅವಳು ನಮ್ಮ ಮೇಲಿನ ಮನೆಯೋಳು, ಮಸೀದಿ ಮಹಿಳಾ ಸಮಿತಿ ಅಧ್ಯಕ್ಷೆ.

"ಹಾಲು ಹಲ್ಲು ಬಿದ್ದಿಲ್ಲ, ನಮಗೆ ಬ್ರೆಡ್ಡಿನ ಪಾಠ ಹೇಳ್ತಾನೆ," ಅಂದ್ಲು.

"ಹೇಳಿದ್ದರಲ್ಲಿ ತಪ್ಪೇನಿದೆ?" ಅಂದೆ.

"ತಪ್ಪಿಲ್ಲ, ಅದಕ್ಕೇ ಸಿಟ್ಟು."

ಆದ್ರೂ ರಸೇಮಾ ಅಧ್ಯಕ್ಷೆ ಅಲ್ವಾ, ಮಾರನೇ ದಿನ ಬೇಕರಿ ಸಾಲಲ್ಲಿ ಎಲ್ಲರಿಗೂ ಕೇಳೋ ಹಾಗೆ, "ಒಂದೇ ಒಂದು ಸೋಮುನ್ ಕೊಡಪ್ಪಾ ಶೆಫ್ಕೊ, ನಾವು ದುಂದು ಮಾಡೋರಲ್ಲ," ಅಂದ್ಲು. ಸೋಮುನ್ ಅಂದ್ರೆ ರಂಜಾನಿನ ಚಪ್ಪಟೆ ಬ್ರೆಡ್ಡು, ಮೇಲೆ ಕಪ್ಪು ಜೀರಿಗೆ ಉದುರಿಸಿರ್ತಾರೆ. ಇಫ್ತಾರಿಗೆ ಮುಂಚೆ ಹಸಿದ ಹೊಟ್ಟೇಲಿ ಆ ವಾಸನೆ ಕುಡಿದವರು ಕೈತುಂಬ ಕೊಂಡು ಬರೋದು ನಮ್ಮಲ್ಲಿ ಪದ್ಧತಿ. ಅಧ್ಯಕ್ಷೆ ಒಂದು ಕೊಂಡ ಮೇಲೆ ಇನ್ನೊಬ್ಬಳು ಎರಡು ಕೊಳ್ಳೋದು ಹೇಗೆ? ಎಲ್ಲರೂ ಒಂದೊಂದೇ ಕೊಂಡ್ರು. ಮೇಲಾಗಿ ಎಫೆಂದಿ ಸಂಜೆ ಸಂಜೆ ಸೈಕಲ್ ತಳ್ಳಿಕೊಂಡು ನಮ್ಮ ತೊಟ್ಟಿ ಮುಂದೆ ಹಾದು ಹೋಗೋರು. ನಿಲ್ತಿರಲಿಲ್ಲ, ಬೈತಿರಲಿಲ್ಲ. ಕಂಬಿ ಕಡೆ ಸುಮ್ನೆ ಒಂದು ನೋಟ ಹಾಕಿ ಹೋಗೋರು. ಬೈಸಿಕೊಂಡು ಅಭ್ಯಾಸ ಇದೆ ನಮಗೆ, ಈ ನೋಟ ತಡೆಯೋಕಾಗಲಿಲ್ಲ. ವಾರ ಕಳೆಯೋದ್ರೊಳಗೆ ಕಂಬಿ ಬೋಳಾಯ್ತು. ಎಫೆಂದಿ ಮುಖ ಅರಳಿತು. ಪೇಟೆಯಲ್ಲಿರೋ ತಮ್ಮ ಮೇಲಿನ ಹಿರಿಯ ಇಮಾಮರಿಗೆ ಫೋನ್ ಮಾಡಿ, ಈ ಮೊಹಲ್ಲಾ ಜನ ಬಂಗಾರ ಅಂದ್ರಂತೆ. ರಂಜಾನಿನಲ್ಲೇ ದೊಡ್ಡದಾದ ಇಪ್ಪತ್ತೇಳನೇ ರಾತ್ರಿಯ ಇಫ್ತಾರಿಗೆ ನಾವೇ ಬಂದು ನೋಡ್ತೀವಿ ಅಂತ ಹಿರಿಯರು ಒಪ್ಪಿದ್ರಂತೆ.

ನಾವು ಬಂಗಾರ ಆದ ಆ ವಾರವೇ ಒಂದು ಬೆಳಿಗ್ಗೆ ಬಾಲ್ಕನಿಯಲ್ಲಿ ಬಟ್ಟೆ ಹರವ್ತಿದ್ದೆ. ಕೆಳಗೆ ಹಿಮದಲ್ಲಿ ಶೆವಾಲಕ್ಕ ನಿಂತಿದ್ದಳು, ಖಾಲಿ ಕಂಬಿ ಮುಂದೆ. ಒಂದು ಗಳಿಗೆ ನಿಂತು, ಬೇರೆ ಯಾವುದಕ್ಕೋ ಬಂದವಳ ಹಾಗೆ ತಲೆವಸ್ತ್ರ ಸರಿ ಮಾಡಿಕೊಂಡು ವಾಪಸ್ ಹೋದಳು. ಮಾರನೇ ದಿನವೂ ಹಾಗೇ. ಅಯ್ಯೋ, ಇವಳ ಕೋಳಿ ಮರೆತೇ ಹೋಯ್ತಲ್ಲ ನಮಗೆ ಅಂತ ಆಗ ಹೊಳೀತು.

ಮೆಟ್ಟಿಲ ಹತ್ತಿರ ಸಿಕ್ಕಿದಾಗ ಕೇಳಿದೆ. "ಅಕ್ಕ, ಕೋಳಿ ಹೇಗಿವೆ?"

"ಉಪವಾಸ ಮಾಡ್ತಿವೆ, ನಮ್ಮ ಹಾಗೇ," ಅಂದ್ಲು. "ಇಫ್ತಾರ್ ಮಾತ್ರ ಇಲ್ಲ."

"ಮೊಟ್ಟೆ?"

"ಹೊಟ್ಟೆಗಿಲ್ಲದೆ ಎಲ್ಲಿಂದ ಇಡ್ತಾವೆ? ಈ ಬೈರಾಮಿಗೆ ಬುಟ್ಟಿ ತುಂಬೋದು ಕಷ್ಟ ಇದೆ ಜುಮ್ರಾ."

ಅವಳ ಪಿಂಚಣಿ ಎಷ್ಟು ಅಂತ ಮೊಹಲ್ಲಾಕ್ಕೇ ಗೊತ್ತು. ಅವಳ ಸೌದೆಗೇ ಸಾಲದು ಅದು. "ಒಂದು ಮೂಟೆ ಜೋಳ ತರಿಸಿ ಕೊಡ್ತೀನಿ, ಯಾರಿಗೂ ಹೇಳಲ್ಲ," ಅಂದೆ.

ಅವಳ ಮುಖ ಕಲ್ಲಾಯ್ತು. "ನನ್ನ ಕೋಳಿಗೆ ನಾನಿದೀನಿ. ಭಿಕ್ಷೆ ತಿಂದ ಕೋಳಿ ಇಟ್ಟ ಮೊಟ್ಟೆನ ಯಾವ ಮುಖ ಹೊತ್ತು ನಿಮ್ಮ ಬಾಗಿಲಿಗೆ ತರ್ಲಿ? ನೀನು ಕೊಟ್ಟಿದ್ದನ್ನೇ ನಿನಗೆ ಕೊಟ್ಟ ಹಾಗಲ್ವಾ?"

"ಅಲ್ಲಾ ಅಕ್ಕ, ಇಷ್ಟು ವರ್ಷ ನಮ್ಮ ಬ್ರೆಡ್ಡೇ ತಿಂದಿಲ್ವಾ ಅವು?"

"ಅದು ನೀವು ಎಸೆದಿದ್ದು. ಎಸೆದಿದ್ದು ಯಾರದೂ ಅಲ್ಲ. ಕೊಡೋದು ಬೇರೆ, ಎಸೆಯೋದು ಬೇರೆ." ಅಷ್ಟು ಹೇಳಿ ಬಾಗಿಲು ಹಾಕಿಕೊಂಡಳು.

ಅವಳ ಹಟಕ್ಕೆ ನನಗೆ ಸಿಟ್ಟು ಬಂತು, ಆಮೇಲೆ ಅಳು ಬಂತು. ನೆಟ್ಟಗೆ ರಸೇಮಾ ಮನೆಗೆ ಹತ್ತಿದೆ. ಅವಳು ಎಲ್ಲಾ ಕೇಳಿ, ಗಲ್ಲಕ್ಕೆ ಕೈ ಕೊಟ್ಟು ಕೂತು ಯೋಚಿಸಿದಳು.

"ಹಾಗಾದ್ರೆ ಎಸೆಯೋಣ," ಅಂದ್ಲು.

"ಏನನ್ನ ಎಸೀತೀಯಾ? ಒಂದು ಚೂರು ಉಳಿಯೋದಿಲ್ಲ ಈಗ. ನಿನ್ನ ಒಂದೇ ಒಂದು ಸೋಮುನ್ ನಾಟಕದಿಂದ."

"ಜಾಸ್ತಿ ಕೊಂಡ್ರಾಯ್ತು."

"ಹೊಸಾ ಬ್ರೆಡ್ಡು ಕಂಬಿಗೆ ಸಿಕ್ಕಿಸಿದ್ರೆ ಎಸೆದಿದ್ದು ಅಂತ ನಂಬ್ತಾಳಾ?"

"ಹಳೇದು ಮಾಡ್ತೀವಿ," ಅಂದ್ಲು ರಸೇಮಾ. "ರೇಡಿಯೇಟರ್ ಇರೋದು ಯಾಕೆ ಮತ್ತೆ?"

ಹೀಗೆ ಶುರುವಾಯ್ತು ನಮ್ಮ ಪುಣ್ಯದ ಕೆಲಸ. ಸಂಜೆ ಶೆಫ್ಕೊ ಒಲೆಯಿಂದ ಹೊಗೆಯಾಡೋ ಸೋಮುನ್ ತರೋದು, ಚಳಿಗೆ ಮನೆ ಕಾಯಿಸೋ ರೇಡಿಯೇಟರಿನ ಬಿಸಿ ಪಟ್ಟಿಗಳ ಮೇಲೆ ಹರವೋದು, ತಿರುವಿ ಹಾಕೋದು, ಅದು ಕಟಕಟ ಅನ್ನೋ ಹಾಗಾದ ಮೇಲೆ ಚೀಲಕ್ಕೆ ತುಂಬೋದು. ಕಟ್ಟಡದ ಹೆಂಗಸರೆಲ್ಲ ಸೇರಿದ್ರು. ರಸೇಮಾ ಅಂತೂ ನಿಜವಾಗಿ ಮಿಕ್ಕಿದ್ದು ಅನ್ನಿಸಲಿ ಅಂತ ಇಫ್ತಾರ್ ಆದ ಮೇಲೆ ಪ್ರತಿಯೊಂದಕ್ಕೂ ಒಂದು ಕಚ್ಚು ಹಾಕಿ ಒಣಗಿಸ್ತಿದ್ದಳು. ಅಷ್ಟು ಶ್ರದ್ಧೆ ಅವಳದು. ಬೇಕರಿ ಸಾಲು ಬೀದಿ ತಿರುವಿನ ತನಕ ಬಂತು. ಶೆಫ್ಕೊ ಹಿಟ್ಟು ಮೆತ್ತಿದ ಕೈ ಎತ್ತಿ ಅಲ್ಲಾಹುಗೆ ಶುಕ್ರ್ ಹೇಳಿದ, "ಮೊದಲ ವಾರ ಅಂಗಡಿ ಮುಚ್ಚೋಣ ಅನ್ನಿಸಿತ್ತು ಜುಮ್ರಕ್ಕ. ಎಫೆಂದಿ ಪ್ರವಚನ ಈಗ ಫಲ ಕೊಡ್ತಿದೆ ನೋಡಿ," ಅಂದ.

ಅವ್ದೊ ಮಾತ್ರ ಗೊಣಗಿದ್ರು. ಉಪವಾಸದ ಮನುಷ್ಯ, ಹಗಲಿಡೀ ಸೋಫಾದಲ್ಲಿ ಮಲಗಿರ್ತಾರೆ, ಪಕ್ಕದಲ್ಲೇ ರೇಡಿಯೇಟರ್. "ಏನೇ, ನನ್ನ ಉಪವಾಸ ಕೆಡಿಸೋಕೆ ನೀನೊಬ್ಬಳೇ ಸಾಕು, ಶೈತಾನ್ ಬೇಡ," ಅಂದ್ರು.

"ಆ ಕಡೆ ತಿರುಗಿ ಮಲಗ್ರೀ," ಅಂದೆ.

ನೇತುಹಾಕೋದು ಎಫೆಂದಿ ಕಣ್ಣು ತಪ್ಪಿಸಿ ಆಗಬೇಕಿತ್ತು. ಅದಕ್ಕೂ ರಸೇಮಾಳೇ ದಾರಿ ಹುಡುಕಿದಳು. ಮಧ್ಯಾಹ್ನದ ಬಾಂಗ್ ಕೊಡುವಾಗ ಎಫೆಂದಿ ಮಸೀದಿಯೊಳಗೇ ಇರಬೇಕಲ್ವಾ? ಬಾಂಗ್ ಶುರುವಾದ ಕೂಡಲೇ ಎಲ್ಲಾ ಮನೆ ಬಾಗಿಲೂ ತೆಗೆದುಕೊಳ್ತಿದ್ವು, ಎಲ್ಲರೂ ಚೀಲ ಹಿಡಿದು ದಡದಡ ಮೆಟ್ಟಿಲಿಳಿಯೋದು. ಬಾಂಗ್ ಕೇಳಿ ಅಷ್ಟು ಭಕ್ತಿಯಿಂದ ನಾವು ಹಿಂದೆಂದೂ ಎದ್ದಿರಲಿಲ್ಲ. ಶೆವಾಲಕ್ಕ ಈಗ ಮಧ್ಯಾಹ್ನ ಬಂದು ಚೀಲ ತಗೊಂಡು ಹೋಗ್ತಿದ್ದಳು. ಮೊದಲ ದಿನ ಒಂದು ಚೀಲದ ಗಂಟು ಬಿಚ್ಚಿ, ಸೋಮುನ್ ಹೊರಗೆ ತೆಗೆದು, ಬೆಳಕಿಗೆ ಹಿಡಿದು ತಿರುವಿ ತಿರುವಿ ನೋಡಿದಳು. ನಾನು ಪರದೆ ಹಿಂದೆ ನಿಂತು ನೋಡ್ತಿದ್ದೆ. ಅವಳು ಅದಕ್ಕೆ ಮುತ್ತಿಟ್ಟು, ಹಣೆಗೆ ಒತ್ತಿಕೊಂಡು, ಚೀಲಕ್ಕೆ ಹಾಕಿ ನಡೆದಳು. ನಂಬಿದಳು ಅಂತ ನನ್ನ ಜೀವ ತಣ್ಣಗಾಯ್ತು.

ಕೊನೆಗೆ ನಾನೇ ಎಫೆಂದಿ ಕೈಗೆ ಸಿಕ್ಕಿಬಿದ್ದೆ. ಒಂದು ದಿನ ಬಾಂಗನ್ನ ಸಹಾಯಕ ಮುಅಜ್ಜಿನ್ ಕೈಗೆ ಬಿಟ್ಟು ಯಾರೋ ಕಾಯಿಲೆಯವರನ್ನ ನೋಡೋಕೆ ಹೊರಟಿದ್ರಂತೆ. ನಾನು ಕೊಕ್ಕೆಗೆ ಚೀಲ ಸಿಕ್ಕಿಸ್ತಿದ್ದೆ, ಹಿಂದೆ ಸೈಕಲ್ ನಿಂತಿತು.

"ಜುಮ್ರಕ್ಕ, ಇದೇನು?"

"ಬ್ರೆಡ್ಡು."

"ಬ್ರೆಡ್ಡು ಅಂತ ಕಾಣ್ತಿದೆ. ಇಷ್ಟೊಂದಾ? ನಾನು ಹಿರಿಯರ ಹತ್ರ ಏನಂತ ಹೇಳಿದೀನಿ ಗೊತ್ತಾ?" ಪಾಪ, ಹುಡುಗನ ಕಣ್ಣಲ್ಲಿ ನೀರಿತ್ತು.

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಅಂತ ಎಲ್ಲಾ ಹೇಳಿದೆ. ಕೋಳಿ, ಮೊಟ್ಟೆ, ಶೆವಾಲಕ್ಕನ ಮಾತು, ರೇಡಿಯೇಟರ್. ಅವರು ಸೈಕಲ್ಲಿಗೆ ಒರಗಿ ನಿಂತು ಕೇಳಿದ್ರು.

"ತಿನ್ನೋ ಅನ್ನನ ಬೇಕಂತಲೇ ಹಾಳು ಮಾಡೋದು ಹರಾಮ್, ಅಕ್ಕ."

"ಹೌದು."

"ಕಣ್ಣೆದುರಿಗೆ ಪ್ರಾಣಿ ಹಸಿದಿದ್ರೆ ಸುಮ್ನಿರೋದೂ ಹರಾಮ್."

"ಅದೂ ಹೌದು."

"ಕಷ್ಟದಲ್ಲಿರೋ ಹೆಂಗಸಿನ ಮಾನ ತೆಗೆಯೋದಂತೂ..."

"ಎಫೆಂದಿಯವರೇ, ಇದರಲ್ಲಿ ಯಾವ ಹರಾಮ್ ಅಗ್ಗ ಅಂತ ಹೇಳಿಬಿಡಿ, ಅದನ್ನೇ ತಗೊಳ್ತೀವಿ," ಅಂದೆ. ನನಗೂ ತಲೆ ಕೆಟ್ಟಿತ್ತು.

ಅವರು ಸೈಕಲ್ ಹತ್ತಿ ಹೊರಟೇಬಿಟ್ರು. ಓದಿದ ಪುಸ್ತಕದಲ್ಲಿ ಅದಕ್ಕೆ ಉತ್ತರ ಇರಲಿಲ್ಲವೋ ಏನೋ. ಮಾರನೇ ದಿನ ಬಾಂಗ್ ಸ್ವಲ್ಪ ತಡವಾಗಿ ಶುರುವಾಯ್ತು. ನಾವು ಕೆಳಗಿಳಿದಾಗ ಮೊದಲ ಕೊಕ್ಕೆಯಲ್ಲಿ ಆಗಲೇ ಒಂದು ಚೀಲ ಇತ್ತು, ಒಳಗೆ ನೀಟಾಗಿ ಒಣಗಿಸಿದ ಒಂದು ಸೋಮುನ್. ಮಸೀದಿ ರೇಡಿಯೇಟರ್ ಹತ್ತಿರ ಕಪ್ಪು ಜೀರಿಗೆ ಉದುರಿತ್ತು ಅಂತ ಗುಡಿಸೋಕೆ ಹೋದ ರಸೇಮಾ ಆಮೇಲೆ ಹೇಳಿದಳು. ಪ್ರವಚನದ ವಿಷಯವೂ ಅವತ್ತಿನಿಂದ ಬದಲಾಯ್ತು. ದುಂದು ಬಿಟ್ಟು ತಾಳ್ಮೆಯ ಬಗ್ಗೆ ಹೇಳೋಕೆ ಶುರು ಮಾಡಿದ್ರು.

ಇಪ್ಪತ್ತೇಳನೇ ರಾತ್ರಿ ಹತ್ತಿರ ಬಂತು. ಮಸೀದಿ ಅಂಗಳದ ಹಾಲ್‌ನಲ್ಲಿ ಎಲ್ಲರಿಗೂ ಒಟ್ಟಿಗೆ ಇಫ್ತಾರ್, ಮೇಲೆ ಪೇಟೆ ಹಿರಿಯರು. ಅಡುಗೆ ಯಾರದು ಅಂತ ಸಮಿತಿಯಲ್ಲಿ ಜಗಳ ನಡೀತಿರುವಾಗ ಶೆವಾಲಕ್ಕ ಬಾಗಿಲಲ್ಲಿ ಬಂದು ನಿಂತಳು.

"ಸಾರೂ ಪೊಪಾರಾನೂ ನಾನು ಮಾಡ್ತೀನಿ," ಅಂದ್ಲು. ಪೊಪಾರಾ ಅಂದ್ರೆ ಒಣ ಬ್ರೆಡ್ಡನ್ನ ಬಿಸಿನೀರು, ಬೆಣ್ಣೆ, ಚೀಸಿನಲ್ಲಿ ಬೇಯಿಸಿ ಮಾಡೋದು, ನಮ್ಮಜ್ಜಿ ಕಾಲದ ತಿಂಡಿ.

"ಇಷ್ಟು ಜನಕ್ಕಾ ಅಕ್ಕ? ಸಾಮಾನು ನಾವು ತರ್ತೀವಿ," ಅಂತ ರಸೇಮಾ ಬಾಯಿ ತೆಗೆದಳು.

"ಸಾಮಾನಿದೆ. ಬೆಣ್ಣೆ, ಬೆಂಡೆಕಾಯಿ ಬೇಕಾದ್ರೆ ತನ್ನಿ."

ನಾನು ರಸೇಮಾ ಕಾಲು ತುಳಿದೆ. ಅವಳ ಕೈ ಮತ್ತೆ ಕೊಡೋ ಕೈ ಆಯ್ತು, ಸುಮ್ನಿರು ಅಂತ ಅರ್ಥ. ಆ ರಾತ್ರಿ ನಾನು ನೆಮ್ಮದಿಯಾಗಿ ಮಲಗಿದೆ.

ಇಫ್ತಾರಿನ ದಿನ ಮಿನಾರಿನ ದೀಪ ಹತ್ತಿದ್ವು, ಉಪವಾಸ ಮುಗೀತು ಅಂತ ಬೆಟ್ಟದ ಮೇಲಿಂದ ತೋಪಿನ ಸದ್ದು ಬಂತು, ಖರ್ಜೂರ ಬಾಯಿಗಿಟ್ವಿ. ಆಮೇಲೆ ಬಂತು ನೋಡಿ ಆ ಸಾರು. ಬೆಂಡೆಕಾಯಿ ಹಾಕಿದ ಕೋಳಿ ಸಾರು, ಮೇಲೆ ಬಂಗಾರದ ಬಣ್ಣದ ಜಿಡ್ಡು, ಪ್ರತಿ ತಟ್ಟೆಯಲ್ಲೂ ಕೈತುಂಬ ಮಾಂಸ. ಹಾಲ್‌ನಲ್ಲಿ ಚಮಚದ ಸದ್ದೇ ಸದ್ದು.

"ಇದು ಅಂಗಡಿ ಕೋಳಿ ಅಲ್ಲ ಕಣೇ," ಅಂದ್ರು ಅವ್ದೊ, ಮೂಳೆ ಚೀಪ್ತಾ. "ಇಂಥದ್ದು ತಿಂದು ಎಷ್ಟು ಕಾಲ ಆಯ್ತು."

ಪೊಪಾರಾ ಬಂತು. ಅದೂ ಹಾಗೇ. ಎಫೆಂದಿ ಎದ್ದು ನಿಂತು, ತಟ್ಟೆಯಲ್ಲಿ ಒಂದು ಚೂರೂ ಬಿಡಬಾರದು ಅಂತ ನೆನಪಿಸೋಕೆ ಹೋದ್ರು, ನೆನಪಿಸೋ ಅಗತ್ಯವೇ ಇರಲಿಲ್ಲ. ಜನ ತಟ್ಟೆ ಒರೆಸಿ ತಿಂದಿದ್ರು. ಪಾತ್ರೆ ತಳ ಕೆರೆದು ಮಕ್ಕಳಿಗೆ ಹಂಚಿದ್ರು. ಪೇಟೆಯ ಹಿರಿಯರು ಖಾಲಿ ಪಾತ್ರೆಯೊಳಗೆ ಬಗ್ಗಿ ನೋಡಿ, ದುಂದು ಇಲ್ಲದ ಇಫ್ತಾರ್ ಅಂದ್ರೆ ಇದು, ಎಲ್ಲಾ ಮೊಹಲ್ಲಾಗಳೂ ಇವರನ್ನ ನೋಡಿ ಕಲೀಬೇಕು ಅಂತ ಭಾಷಣ ಮಾಡಿದ್ರು. ರಸೇಮಾ ಎದೆ ಉಬ್ಬಿಸಿ ಕೂತಿದ್ದಳು, ಅಡುಗೆ ಅವಳೇ ಮಾಡಿದ ಹಾಗೆ.

ಪಾತ್ರೆ ತೊಳೆಯೋಕೆ ನಾನು ಶೆವಾಲಕ್ಕನ ಜೊತೆ ನಿಂತೆ. ಖುಷಿಯಲ್ಲಿದ್ದೆ, ನಾಲಿಗೆ ಸುಮ್ನಿರಲಿಲ್ಲ. "ಇನ್ನೇನು ಬೈರಾಮ್ ಬಂತು ಅಕ್ಕ. ಮೊಟ್ಟೆ ಇಡೋಕೆ ಶುರು ಮಾಡಿವೆ ತಾನೇ ನಿನ್ನ ಕೋಳಿ?"

ಅವಳು ಬಾಣಲೆ ಉಜ್ಜೋದು ನಿಲ್ಲಿಸಲಿಲ್ಲ. "ಈಗ ತಾನೇ ತಿಂದೆಯಲ್ಲ ಜುಮ್ರಾ. ಚೆನ್ನಾಗಿತ್ತು ಅಂದ್ಯಲ್ಲ."

ನನಗೆ ಒಂದು ಕ್ಷಣ ಏನೂ ತಿಳೀಲಿಲ್ಲ. ಆಮೇಲೆ ನೆನಪಾಯ್ತು, ಎರಡು ದಿನದಿಂದ ಆ ಒಡಕು ಗಂಟಲಿನ ಹುಂಜ ಕೂಗಿರಲಿಲ್ಲ. ಯಾರೂ ಗಮನಿಸಿರಲಿಲ್ಲ.

"ಎಲ್ಲಾ?" ಅಂದೆ.

"ಎಲ್ಲಾ. ನನ್ನ ಕೈಯಾರೆ, ಬಿಸ್ಮಿಲ್ಲಾ ಹೇಳಿ."

"ಯಾಕಕ್ಕ? ಬ್ರೆಡ್ಡು ಇತ್ತಲ್ಲ, ದಿನಾ ಅಷ್ಟೊಂದು..."

"ಇತ್ತು. ರೇಡಿಯೇಟರ್ ಗೆರೆ ಬಿದ್ದ ಬ್ರೆಡ್ಡು. ಎಲ್ಲದರ ಮೇಲೂ ಸಾಲಾಗಿ ಗೆರೆ ಇತ್ತು, ಎಫೆಂದಿ ಸಿಕ್ಕಿಸಿದ್ದರ ಮೇಲೂ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನ ಕೊಂದಿದ್ದು. "ಮನುಷ್ಯರು ತಿನ್ನೋ ಬಿಸಿ ಬ್ರೆಡ್ಡನ್ನ ಕೋಳಿಗೆ ಹಾಕೋದು ಪಾಪ ಅಲ್ವಾ? ಹಾಕಲಿಲ್ಲ. ಇಟ್ಟಿದ್ದೆ. ಇವತ್ತು ಪೊಪಾರಾ ಮಾಡಿದೆ. ನೀವು ಕೊಟ್ಟಿದ್ದು ನಿಮಗೇ ಬಂತು. ಹಸಿದು ಸಾಯೋ ಕೋಳಿನ ಸಾಯೋಕೆ ಬಿಡೋದೂ ದುಂದೇ. ಅದಕ್ಕೆ ಸಾರು ಮಾಡಿದೆ. ಈಗ ನನ್ನದು ಯಾರ ಹತ್ರಾನೂ ಬಾಕಿ ಇಲ್ಲ."

ತೊಳೆದ ತಟ್ಟೆನೇ ಮತ್ತೆ ತೊಳೀತಾ ನಿಂತೆ. ಅತ್ತ ಕಡೆ ಹಿರಿಯರು ಎಫೆಂದಿ ಬೆನ್ನು ತಟ್ಟಿ ಫೋಟೋ ತೆಗೆಸಿಕೊಳ್ತಿದ್ರು. ನಾನು ಯಾರಿಗೂ ಹೇಳಲಿಲ್ಲ. ಆದ್ರೂ ಬೆಳಗಾಗೋದ್ರೊಳಗೆ ಕಟ್ಟಡಕ್ಕೆಲ್ಲ ಗೊತ್ತಾಗಿತ್ತು. ಮಾರನೇ ಮಧ್ಯಾಹ್ನ ಬಾಂಗ್ ಆಯ್ತು, ಒಂದು ಬಾಗಿಲೂ ತೆಗೀಲಿಲ್ಲ.

ಬೈರಾಮ್ ದಿನ ಬೆಳಿಗ್ಗೆ ನಾನು ಅಭ್ಯಾಸಬಲದಿಂದ ಮೊಟ್ಟೆ ಇಡೋ ನೀಲಿ ಬೋಗುಣಿ ತೊಳೆದು ಮೇಜಿನ ಮೇಲಿಟ್ಟಿದ್ದೆ. ಅವ್ದೊ ಅದನ್ನ ನೋಡಿದ್ರು, ಏನೂ ಹೇಳದೆ ಬೀರುವಿನೊಳಗೆ ಇಟ್ರು. ಮೂವತ್ತು ವರ್ಷದಲ್ಲಿ ಆ ಮನುಷ್ಯ ಬಾಯಿ ಮುಚ್ಚಿಕೊಂಡು ಮಾಡಿದ ಮೊದಲ ಒಳ್ಳೆ ಕೆಲಸ. ಆಮೇಲೆ ಬಾಗಿಲು ತಟ್ಟಿದ ಸದ್ದು. ಶೆವಾಲಕ್ಕ. ಇಸ್ತ್ರಿ ಮಾಡಿದ ತಲೆವಸ್ತ್ರ, ಎರಡು ಕೈಯೂ ಖಾಲಿ. ಕೈ ಎಲ್ಲಿ ಇಟ್ಟುಕೊಳ್ಳಬೇಕು ಅಂತ ತಿಳಿಯದೆ ಕೋಟಿನ ಗುಂಡಿ ಹಿಡಿದುಕೊಂಡು ನಿಂತಿದ್ದಳು.

"ಬೈರಾಮ್ ಮುಬಾರಕ್ ಜುಮ್ರಾ. ಇಲ್ಲಿಂದಲೇ ಹೋಗ್ತೀನಿ."

"ಒಳಗೆ ಬಾ ಅಕ್ಕ, ಹಬ್ಬದ ದಿನ ಹಾಗೆ ಮಾಡಬೇಡ," ಅಂತ ಕೈ ಹಿಡಿದು ಎಳೆದುಕೊಂಡು ಬಂದೆ.

ದೊಡ್ಡ ಕುರ್ಚಿ ತೋರಿಸಿದೆ. ಅವಳು ಬಾಗಿಲ ಪಕ್ಕದ ಸ್ಟೂಲ್ ಮೇಲೆ, ತುದಿಯಲ್ಲಿ ಕೂತಳು. ಕಾಫಿ ಬೇಗ ಬೇಗ ಕುಡಿದಳು. ಹಬ್ಬದ ಸಿಹಿ ಬಕ್ಲಾವಾ ಅರ್ಧ ತಿಂದು, ಉಳಿದರ್ಧವನ್ನ ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡಳು. "ದುಂದಾಗಬಾರದಲ್ಲ," ಅಂದ್ಲು. ತಮಾಷೆಗೆ ಹೇಳಿದಳೋ ಏನೋ, ನನಗೆ ನಗೋಕಾಗಲಿಲ್ಲ. ಇಷ್ಟು ವರ್ಷ ಯುದ್ಧಕ್ಕೂ ಬಗ್ಗದ ಹೆಂಗಸನ್ನ ನಮ್ಮ ಒಳ್ಳೇತನ ತಂದು ಆ ಸ್ಟೂಲ್ ಮೇಲೆ ಕೂರಿಸಿತ್ತು.

ಹಬ್ಬ ಕಳೆದ ಬೆಳಿಗ್ಗೆ ಬಾಲ್ಕನಿಗೆ ಬಂದೆ. ಎಫೆಂದಿ ಹಬ್ಬದ ನಮಾಜ್ ಮುಗಿಸಿ ಅಪ್ಪ ಅಮ್ಮನ ಊರಿಗೆ ಹೋಗಿದ್ರು. ಬೇಕರಿ ಹಬ್ಬಕ್ಕೆ ಮುಚ್ಚಿರುತ್ತೆ, ನೆಂಟರು ಬರ್ತಾರೆ ಅಂತ ಎಲ್ಲರೂ ಹಬ್ಬದ ಹಿಂದಿನ ದಿನವೇ ಮೂರು ಮನೆಗಾಗುವಷ್ಟು ಬ್ರೆಡ್ಡು ಕೊಂಡಿದ್ರು, ನೆಂಟರು ಬಕ್ಲಾವಾ ಮಾತ್ರ ತಿಂದ್ರು. ಕೆಳಗೆ ಕಂಬಿಯ ಒಂದು ಕೊಕ್ಕೆಯೂ ಖಾಲಿ ಇರಲಿಲ್ಲ. ಶೆವಾಲಕ್ಕ ಅದರ ಮುಂದೆ ಬಂದು ಒಂದು ಗಳಿಗೆ ನಿಂತಳು, ತಲೆವಸ್ತ್ರ ಸರಿ ಮಾಡಿಕೊಂಡಳು, ಮುಟ್ಟದೆ ಹೋದಳು. ಚೀಲಗಳು ಹಾಗೇ ನೇತಾಡ್ತಿದ್ವು. ಅದರಲ್ಲಿ ಒಂದು ನನ್ನದು.